ಒಂದು ರಾತ್ರಿಯ ಅನುವಾದ, ನೂರೆಂಬತ್ತು ವರ್ಷದ ಜಗಳ

ಪ್ರಶ್ನೆ: ನಾನು ಹಾಸನದ ಕಡೆಯವನು. ನಾಲ್ಕು ವರ್ಷದಿಂದ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿದ್ದೇನೆ. ಇಲ್ಲಿ ಫೆಬ್ರವರಿ 6ಕ್ಕೆ ‘ವೈತಾಂಗಿ ದಿನ’ ಅಂತ ರಜೆ. ಮೂಲನಿವಾಸಿ ಮಾವೋರಿಗಳಿಗೂ ಬ್ರಿಟಿಷ್ ಸರ್ಕಾರಕ್ಕೂ 1840ರಲ್ಲಿ ಆದ ಒಪ್ಪಂದದ ನೆನಪಿಗೆ ಅಂತ ಗೊತ್ತು. ಆದರೆ ಆಫೀಸಿನಲ್ಲಿ ಒಬ್ಬರು ‘ಅಲ್ಲಿ ಆಗಿದ್ದು ಒಂದಲ್ಲ, ಎರಡು ಒಪ್ಪಂದ’ ಅನ್ನುತ್ತಾರೆ. ಇನ್ನೊಬ್ಬರು ‘ಅದು ಹಳೇ ಕಾಗದ, ಈಗ ಯಾಕೆ ಅದರ ಮಾತು’ ಅನ್ನುತ್ತಾರೆ. ಮೊನ್ನೆ ಮಗಳು ಶಾಲೆಯಿಂದ ಬಂದು ‘ಅಪ್ಪ, ನಾವು ತಂಗತ ತಿರಿತಿ ಅಂತೆ’ ಅಂದಳು. ನಾವು ನಿನ್ನೆ ಮೊನ್ನೆ ಬಂದವರು, ನಮಗೂ ಇದಕ್ಕೂ ಏನು ಸಂಬಂಧ? ಎಡ್ಮಂಟನ್‌ನಲ್ಲಿರುವ ನಮ್ಮಣ್ಣ ಕೆನಡಾದಲ್ಲೂ ಹೀಗೇ ಇದೆ ಅನ್ನುತ್ತಾನೆ. ನಮ್ಮ ದೇಶದಲ್ಲಿ ಇಂಥದ್ದು ಯಾಕಿಲ್ಲ?

ಉತ್ತರ: ನಿಮ್ಮ ಮಗಳ ಮಾತಿಗೆ ಕೊನೆಯಲ್ಲಿ ಬರುತ್ತೇನೆ. ನಿಮ್ಮ ಪ್ರಶ್ನೆಗಳಲ್ಲಿ ಅದೇ ಒಳ್ಳೆಯದು. ಮೊದಲು ಆಫೀಸಿನ ಜಗಳ ಬಗೆಹರಿಸೋಣ. ನಾನು ಕಾನೂನು ಪಾಠ ಹೇಳಿ ನಿವೃತ್ತನಾದವನು. ಬೇರೆ ಬೇರೆ ದೇಶಗಳ ಒಪ್ಪಂದಗಳನ್ನು ತರಗತಿಯಲ್ಲಿ ಓದಿಸುವಾಗ ಪ್ರತಿ ವರ್ಷ ವೈತಾಂಗಿಯಿಂದಲೇ ಶುರು ಮಾಡುತ್ತಿದ್ದೆ. ಕಾರಣ ಇಷ್ಟೇ. ಅದು ಇಡೀ ಒಂದು ಹಾಳೆಯಷ್ಟೂ ಇಲ್ಲ. ಒಂದು ಪೀಠಿಕೆ, ಮೂರು ಕಲಮು, ಒಂದು ಮುಕ್ತಾಯ. ಹತ್ತು ನಿಮಿಷದಲ್ಲಿ ಓದಿ ಮುಗಿಸಬಹುದು. ಅರ್ಥ ಮಾತ್ರ ಇನ್ನೂ ಮುಗಿದಿಲ್ಲ.

‘ಎರಡು ಒಪ್ಪಂದ’ ಅಂದವರ ಮಾತು ಸರಿ. ಕಾಗದ ಎರಡು, ಭಾಷೆ ಎರಡು, ಹೇಳಿದ ವಿಷಯವೂ ಎರಡು.

ನಡೆದದ್ದು ಹೀಗೆ. 1840ರ ಜನವರಿ ಕೊನೆಯಲ್ಲಿ ವಿಲಿಯಂ ಹಾಬ್ಸನ್ ಎಂಬ ನೌಕಾಪಡೆಯ ಕ್ಯಾಪ್ಟನ್, ವೈತಾಂಗಿ ಇರುವ ಬೇ ಆಫ್ ಐಲೆಂಡ್ಸ್ ಕರಾವಳಿಗೆ ಬಂದಿಳಿದ. ಮಾವೋರಿಗಳು ಒಪ್ಪಿದರೆ ಆ ನಾಡನ್ನು ರಾಣಿ ವಿಕ್ಟೋರಿಯಾಳ ಆಳ್ವಿಕೆಗೆ ತರಬೇಕು ಅಂತ ಲಂಡನ್ನಿನಿಂದ ಅಪ್ಪಣೆಯಾಗಿತ್ತು. ಜೊತೆಯಲ್ಲಿ ವಕೀಲರು ಇರಲಿಲ್ಲ, ಸಿದ್ಧ ಕರಡೂ ಇರಲಿಲ್ಲ. ಹಾಬ್ಸನ್, ಅವನ ಕಾರ್ಯದರ್ಶಿ, ಅಲ್ಲಿ ಮೊದಲೇ ಇದ್ದ ಬ್ರಿಟಿಷ್ ಪ್ರತಿನಿಧಿ ಜೇಮ್ಸ್ ಬಸ್ಬಿ ಸೇರಿ ನಾಲ್ಕೈದು ದಿನದಲ್ಲಿ ಇಂಗ್ಲಿಷಿನಲ್ಲಿ ಒಂದು ಕರಡು ಬರೆದರು. ಫೆಬ್ರವರಿ 4ರ ಸಂಜೆ ನಾಲ್ಕಕ್ಕೆ ಅದನ್ನು ಪಾದ್ರಿ ಹೆನ್ರಿ ವಿಲಿಯಮ್ಸ್ ಕೈಗೆ ಕೊಟ್ಟರು. ಮಾರನೇ ದಿನ ಬೆಳಿಗ್ಗೆ ಸಭೆ. ಅಷ್ಟರಲ್ಲಿ ಮಾವೋರಿಗೆ ಅನುವಾದ ಆಗಬೇಕು. ವಿಲಿಯಮ್ಸ್ ಮತ್ತು ಅವನ ಮಗ ಎಡ್ವರ್ಡ್ ರಾತ್ರಿ ಕೂತು ಮುಗಿಸಿದರು.

ಭಾಷಾಂತರ ಮಾಡಿದ ಯಾರಿಗಾದರೂ ಗೊತ್ತು, ಒಂದೇ ರಾತ್ರಿಯಲ್ಲಿ ಮದುವೆ ಕರೆಯೋಲೆಯನ್ನೂ ನೆಟ್ಟಗೆ ಅನುವಾದ ಮಾಡಕ್ಕಾಗಲ್ಲ. ಇಲ್ಲಿ ಅನುವಾದ ಆಗಬೇಕಿದ್ದದ್ದು ಒಂದು ದೇಶದ ಹಣೆಬರಹ.

ಇಂಗ್ಲಿಷ್ ಪ್ರತಿಯ ಮೊದಲ ಕಲಮು ಹೇಳುವುದು: ಮಾವೋರಿ ನಾಯಕರು ತಮ್ಮ ಸಾರ್ವಭೌಮತ್ವವನ್ನು ಏನೂ ಉಳಿಸಿಕೊಳ್ಳದೆ ಪೂರ್ತಿಯಾಗಿ ರಾಣಿಗೆ ಬಿಟ್ಟುಕೊಡುತ್ತಾರೆ. ಮಾವೋರಿ ಪ್ರತಿಯಲ್ಲಿ ಈ ‘ಸಾರ್ವಭೌಮತ್ವ’ದ ಜಾಗಕ್ಕೆ ವಿಲಿಯಮ್ಸ್ ಇಟ್ಟ ಪದ ‘ಕಾವನತಂಗ’. ‘ಕಾವನ’ ಅಂದರೆ ಬೇರೇನಲ್ಲ, ‘ಗವರ್ನರ್’ ಅನ್ನುವುದೇ ಮಾವೋರಿ ಬಾಯಲ್ಲಿ ಹಾಗಾಗಿದೆ. ಅದಕ್ಕೆ ‘ತಂಗ’ ಸೇರಿಸಿದರೆ ಗವರ್ನರ್‌ತನ. ಹೌದು, ಅವರ ‘ತಂಗ’ ನಮ್ಮ ‘ತನ’ದ ಹಾಗೇ ಕೆಲಸ ಮಾಡುತ್ತದೆ. ಎರಡಕ್ಕೂ ನಂಟಿಲ್ಲ, ಬರೀ ಕಾಕತಾಳೀಯ. ಆದರೆ ಕನ್ನಡದವರಿಗೆ ಈ ಜಗಳವನ್ನು ಅರ್ಥ ಮಾಡಿಸುವುದಕ್ಕೆ ಇದಕ್ಕಿಂತ ಅನುಕೂಲ ಬೇರೆ ಬೇಕಿಲ್ಲ.

ಎರಡನೇ ಕಲಮು ನೋಡಿ. ಇಂಗ್ಲಿಷಿನಲ್ಲಿ ಮಾವೋರಿಗಳ ಭೂಮಿ, ಕಾಡು, ಮೀನುಗಾರಿಕೆ ಅವರ ಸ್ವಾಧೀನದಲ್ಲೇ ಇರುತ್ತದೆ ಅಂತ ಭರವಸೆ. ಮಾವೋರಿಯಲ್ಲಿ ಇನ್ನೂ ದೊಡ್ಡ ಮಾತು: ಅವರ ನೆಲ, ಊರು ಮತ್ತು ಎಲ್ಲ ‘ತಾವೊಂಗ’ಗಳ ಮೇಲೆ ಅವರಿಗೆ ‘ತಿನೊ ರಂಗತಿರತಂಗ’. ರಂಗತಿರ ಅಂದರೆ ನಾಯಕ, ಒಡೆಯ. ರಂಗತಿರತಂಗ ಅಂದರೆ ಒಡೆತನ. ತಿನೊ ಅಂದರೆ ಪೂರಾ. ತಾವೊಂಗ ಅಂದರೆ ಬೆಲೆಬಾಳುವುದು, ಜೋಪಾನ ಮಾಡಬೇಕಾದದ್ದು. ಅದು ವಸ್ತುವೇ ಆಗಬೇಕು ಅಂತಿಲ್ಲ.

ಈಗ ಎರಡನ್ನೂ ಪಕ್ಕಪಕ್ಕ ಇಡಿ. ರಾಣಿಗೆ ಗವರ್ನರ್‌ತನ, ನಮಗೆ ಪೂರಾ ಒಡೆತನ. ಬಯಲಲ್ಲಿ ಕೂತು ಇದನ್ನು ಕೇಳಿದ ನಾಯಕನಿಗೆ ಏನು ಅನ್ನಿಸಿರಬೇಕು? ನಿಮ್ಮ ಹಾಸನದ ಲೆಕ್ಕದಲ್ಲೇ ಹೇಳುತ್ತೇನೆ. ಒಬ್ಬರಿಗೆ ಊರಿನ ಪಟೇಲಿಕೆ ಕೊಟ್ಟೆವು ಅಂದರೆ ನಮ್ಮ ಹೊಲ, ಗದ್ದೆ, ಕೆರೆ, ಮನೆದೇವರನ್ನೂ ಕೊಟ್ಟೆವು ಅಂತಲೇ? ಪಟೇಲ ಜಗಳ ಬಿಡಿಸಲಿ, ಕಳ್ಳರನ್ನು ಹಿಡಿಯಲಿ. ಅದರಲ್ಲೂ ಆಗ ಕುಡಿದು ಗಲಾಟೆ ಮಾಡುತ್ತಿದ್ದ ಬಿಳಿಯ ನಾವಿಕರನ್ನು ಹಿಡಿಯಲು ಯಾರಾದರೂ ಬೇಕಿತ್ತು. ಹೊಲ ನಮ್ಮದೇ.

ಇನ್ನೂ ಒಂದು ಸೂಕ್ಷ್ಮ ಇದೆ. ಈ ಎರಡೂ ಪದಗಳು ಮಾವೋರಿಗಳಿಗೆ ಹೊಸವಲ್ಲ. ಪಾದ್ರಿಗಳ ಬೈಬಲ್ ಓದಿದವರು ಎರಡನ್ನೂ ಕೇಳಿದ್ದರು. ಅದರಲ್ಲಿ ‘ಕಾವನ’ ಯಾರು? ಪೊಂತ್ಯ ಪಿಲಾತ, ರೋಮಿನ ದೊರೆ ಕಳಿಸಿದ ಅಧಿಕಾರಿ. ‘ರಂಗತಿರತಂಗ’ ಎಲ್ಲಿ ಬರುತ್ತದೆ? ಕನ್ನಡ ಬೈಬಲ್‌ನಲ್ಲಿ ‘ನಿನ್ನ ರಾಜ್ಯವು ಬರಲಿ’ ಅಂತ ಪ್ರಾರ್ಥನೆ ಇದೆಯಲ್ಲ, ಅಲ್ಲಿ ‘ರಾಜ್ಯ’ಕ್ಕೆ ಇಟ್ಟ ಪದ ಅದು. ಅಂದರೆ ದೇವರಿಗೆ ಸಲ್ಲುವ ಮಾತು ನಾಯಕರಿಗೆ ಉಳಿಯಿತು. ಪಿಲಾತನ ಹುದ್ದೆ ರಾಣಿಗೆ ಹೋಯಿತು.

ವಿಲಿಯಮ್ಸ್ ಬೇಕೆಂದೇ ಹೀಗೆ ಮಾಡಿದನೇ? ಇಲ್ಲಿ ವಿದ್ವಾಂಸರು ಬೇರೆ ಬೇರೆ ಹೇಳುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಅವನಿಗೆ ಗೊತ್ತಿತ್ತು. 1835ರಲ್ಲಿ ಉತ್ತರದ ನಾಯಕರು ‘ನಾವು ಸ್ವತಂತ್ರರು’ ಅಂತ ಒಂದು ಘೋಷಣೆ ಮಾಡಿದ್ದರು. ಅದನ್ನು ಮಾವೋರಿಗೆ ಅನುವಾದ ಮಾಡಿದವನೂ ಇದೇ ವಿಲಿಯಮ್ಸ್. ಅಲ್ಲಿ ಸಾರ್ವಭೌಮ ಅಧಿಕಾರಕ್ಕೆ ‘ಕಿಂಗಿತಂಗ’, ‘ಮನ’ ಎಂಬ ಪದಗಳಿವೆ. ‘ಮನ’ ಅಂದರೆ ಒಬ್ಬ ನಾಯಕನ ಅಧಿಕಾರ, ಗೌರವ, ತೇಜಸ್ಸು ಎಲ್ಲ ಸೇರಿದ್ದು. ‘ನಿಮ್ಮ ಮನವನ್ನು ರಾಣಿಗೆ ಕೊಡುತ್ತೀರಾ’ ಅಂತ ಕೇಳಿದ್ದರೆ ಅಲ್ಲಿ ಒಬ್ಬನೂ ಸಹಿ ಹಾಕುತ್ತಿರಲಿಲ್ಲ. ಐದು ವರ್ಷದ ಹಿಂದೆ ಕೈಗೆ ಸಿಕ್ಕಿದ ಪದ ಆ ರಾತ್ರಿ ಸಿಗಲಿಲ್ಲ ಅಂದರೆ ನಂಬುವುದು ಕಷ್ಟ. ದುಡ್ಡಿಗಾಗಿ ಮಾಡಿದ ಅಂತ ನಾನು ಹೇಳುವುದಿಲ್ಲ. ಬ್ರಿಟಿಷ್ ಆಡಳಿತ ಬಂದರೆ ಮಾವೋರಿಗಳಿಗೆ ರಕ್ಷಣೆ ಸಿಗುತ್ತದೆ ಅಂತ ಅವನು ನಿಜಕ್ಕೂ ನಂಬಿದ್ದ. ಹಾಗೆ ನಂಬಿದ್ದವನೇ ತನ್ನ ಮಕ್ಕಳಿಗಾಗಿ ಸುಮಾರು 11,000 ಎಕರೆ ಭೂಮಿ ಕೊಂಡಿಟ್ಟಿದ್ದ ಅನ್ನುವುದೂ ನೆನಪಿರಲಿ.

ಫೆಬ್ರವರಿ 5ರಂದು ಬಸ್ಬಿಯ ಮನೆಯ ಮುಂದಿನ ಹುಲ್ಲಿನ ಮೇಲೆ ಹಡಗಿನ ಹಾಯಿಬಟ್ಟೆಗಳ ಚಪ್ಪರ ಹಾಕಿದ್ದರು. ಹಾಬ್ಸನ್ ಇಂಗ್ಲಿಷಿನಲ್ಲಿ ಓದಿದ, ವಿಲಿಯಮ್ಸ್ ಮಾವೋರಿಯಲ್ಲಿ ಹೇಳಿದ. ಗಂಟೆಗಟ್ಟಲೆ ವಾದ ನಡೆಯಿತು. ತೆ ಕೆಮಾರ ಎಂಬ ನಾಯಕ ‘ನಮಗೆ ಗವರ್ನರ್ ಬೇಡ’ ಅಂತ ಕೂಗಾಡಿದ. ತಾಮತಿ ವಾಕ ನೆನೆ ಎದ್ದು, ‘ಈಗ ಬೇಡ ಅಂದರೆ ಏನು ಬಂತು, ಬಿಳಿಯರು ಬಂದಾಗಿದೆ, ನೆಲ ಹೋಗುತ್ತಿದೆ, ಇವರೇ ನಮ್ಮನ್ನು ಕಾಯಲಿ’ ಎಂಬ ಅರ್ಥದಲ್ಲಿ ಮಾತಾಡಿದ. ಗಾಳಿ ತಿರುಗಿದ್ದು ಆಗ.

ಮುಂದಿನ ಸಭೆ 7ಕ್ಕೆ ಅಂತ ನಿಗದಿಯಾಗಿತ್ತು. ಆದರೆ ಬಂದ ನಾಯಕರಿಗೆ ಊಟ ಸಾಲದಾಯಿತು, ಊರಿಗೆ ಹೊರಟು ನಿಂತರು. ಹಾಗಾಗಿ 6ಕ್ಕೇ ಸಹಿ ಅಂತಾಯಿತು. ಹಾಬ್ಸನ್‌ಗೆ ಅದೂ ಗೊತ್ತಿರಲಿಲ್ಲ. ಹಡಗಿನಿಂದ ಅವಸರದಲ್ಲಿ ಇಳಿದು ಬಂದ, ಮೈಮೇಲೆ ಮಾಮೂಲಿ ಬಟ್ಟೆ, ತಲೆಮೇಲೆ ಮಾತ್ರ ಗರಿಯ ಟೋಪಿ. ಇನ್ನೇನು ಸಹಿ ಶುರುವಾಗಬೇಕು, ಮುದ್ರಣ ನೋಡಿಕೊಳ್ಳುತ್ತಿದ್ದ ಮಿಷನರಿ ವಿಲಿಯಂ ಕೊಲೆನ್ಸೊ ಅಡ್ಡ ಬಂದು ಕೇಳಿದ: ಇದರಲ್ಲಿ ಏನಿದೆ ಅಂತ ಇವರಿಗೆ ಅರ್ಥವಾಗಿದೆಯೇ? ಅರ್ಥವಾಗದಿದ್ದರೆ ಅದು ನನ್ನ ತಪ್ಪಲ್ಲ, ನನ್ನ ಕೈಲಾದದ್ದು ಮಾಡಿದ್ದೇನೆ ಅನ್ನುವ ಧಾಟಿಯಲ್ಲಿ ಹಾಬ್ಸನ್ ಉತ್ತರ ಕೊಟ್ಟ. ತರಗತಿಯಲ್ಲಿ ಇಲ್ಲಿಗೆ ಬಂದಾಗ ನಾನು ಪಾಠ ನಿಲ್ಲಿಸುತ್ತಿದ್ದೆ. ಆವತ್ತೇ, ಅಲ್ಲೇ, ಅವರ ಕಡೆಯವನೇ ಒಬ್ಬ ಈ ಪ್ರಶ್ನೆ ಕೇಳಿದ್ದ, ನೋಡಿ.

ಮೊದಲ ಸಹಿ ಹೋನೆ ಹೆಕೆಯದು. ಆ ದಿನ ನಲವತ್ತಕ್ಕೂ ಹೆಚ್ಚು ನಾಯಕರು ಸಹಿ ಹಾಕಿದರು. ಆಮೇಲೆ ಪ್ರತಿಗಳು ಊರೂರು ಸುತ್ತಿದವು. ಸೆಪ್ಟೆಂಬರ್ ಹೊತ್ತಿಗೆ ಒಟ್ಟು ಸುಮಾರು 540 ಸಹಿ. ಅದರಲ್ಲಿ ಇಂಗ್ಲಿಷ್ ಪ್ರತಿಗೆ ಬಿದ್ದದ್ದು 39 ಮಾತ್ರ. ಮಿಕ್ಕವರೆಲ್ಲ ಒಪ್ಪಿದ್ದು ಮಾವೋರಿ ಪ್ರತಿಯನ್ನು. ಎಲ್ಲರೂ ಒಪ್ಪಲೂ ಇಲ್ಲ. ವೈಕಾತೊದ ತೆ ವೆರೊವೆರೊ, ತೌಪೊ ಕಡೆಯ ತೆ ಹ್ಯೂಹ್ಯೂ ಸಹಿ ಹಾಕಲಿಲ್ಲ. ಹಾಬ್ಸನ್ ಎಲ್ಲರಿಗಾಗಿ ಕಾಯಲೂ ಇಲ್ಲ. ಪ್ರತಿಗಳು ಇನ್ನೂ ಓಡಾಡುತ್ತಿರುವಾಗಲೇ, ಮೇ 21ರಂದು, ಇಡೀ ದೇಶ ರಾಣಿಯದು ಅಂತ ಸಾರಿಬಿಟ್ಟ.

ಈ ಹಾಳೆಗಳನ್ನು ವೆಲಿಂಗ್ಟನ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಇಟ್ಟಿದ್ದಾರೆ. ಒಟ್ಟು ಒಂಬತ್ತು. ನಾನು ಒಮ್ಮೆ ನೋಡಿದ್ದೇನೆ. ಕೋಣೆಯಲ್ಲಿ ಬೆಳಕು ತೀರಾ ಕಮ್ಮಿ, ಕಣ್ಣು ಹೊಂದಿಕೊಳ್ಳುವುದಕ್ಕೆ ಸ್ವಲ್ಪ ಹೊತ್ತು ಬೇಕು. ಆಮೇಲೆ ಒಂದೊಂದೇ ಕಾಣುತ್ತದೆ. ಕೆಲವು ಸಹಿ ಬರೀ ಶಿಲುಬೆ ಗುರುತು. ಕೆಲವರು ತಮ್ಮ ಮುಖದ ಹಚ್ಚೆಯ ಒಂದು ಸುರುಳಿಯನ್ನೇ ಬಿಡಿಸಿದ್ದಾರೆ. ಆ ಹಚ್ಚೆ ಒಬ್ಬರದ್ದು ಇನ್ನೊಬ್ಬರಿಗೆ ಇರುವುದಿಲ್ಲ, ಹೆಬ್ಬೆಟ್ಟಿನ ಹಾಗೆ. ಮೊದಲ ಹಾಳೆಯ ಅಂಚು ಪೂರ್ತಿ ಹರಿದು ಹೋಗಿದೆ. ನೀರು ಬಿದ್ದು, ಇಲಿ ಕಡಿದು ಹಾಗಾಗಿರುವುದು. ಸರ್ಕಾರಿ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಅವು ಆ ಸ್ಥಿತಿಯಲ್ಲಿ ಬಿದ್ದಿದ್ದದ್ದು 1908ರಲ್ಲಿ ಕಣ್ಣಿಗೆ ಬಿತ್ತು. ಒಪ್ಪಂದಕ್ಕೆ ಸರ್ಕಾರ ಎಷ್ಟು ಬೆಲೆ ಕೊಟ್ಟಿತ್ತು ಅಂತ ಬೇರೆ ವಿವರಿಸಬೇಕಾಗಿಲ್ಲ.

ಸಹಿ ಹಾಕಿದವರು ದಡ್ಡರು, ಮೋಸ ಹೋದರು ಅಂತ ಮಾತ್ರ ದಯವಿಟ್ಟು ಅಂದುಕೊಳ್ಳಬೇಡಿ. 1840ರಲ್ಲಿ ಅಲ್ಲಿ ಮಾವೋರಿಗಳು ಎಂಬತ್ತು ಸಾವಿರದ ಆಸುಪಾಸು, ಬಿಳಿಯರು ಎರಡು ಸಾವಿರ. ಬೇಕೆಂದಿದ್ದರೆ ಹಾಬ್ಸನ್‌ನನ್ನು ಹಡಗು ಹತ್ತಿಸಿ ಕಳಿಸಬಹುದಿತ್ತು. ಅವರು ಲೆಕ್ಕ ಹಾಕಿಯೇ ಒಪ್ಪಿದ್ದರು. ನೋಪೆರ ಪನಕರೆಯವೊ ಎಂಬ ನಾಯಕ ಆಗ ಹೇಳಿದ ಮಾತು ಇವತ್ತಿಗೂ ಎಲ್ಲರ ಬಾಯಲ್ಲಿದೆ: ‘ನೆಲದ ನೆರಳು ರಾಣಿಗೆ ಹೋಗುತ್ತದೆ, ನೆಲ ನಮ್ಮ ಹತ್ತಿರವೇ ಇರುತ್ತದೆ.’ ಒಂದು ವರ್ಷ ಆಗುವಷ್ಟರಲ್ಲಿ ಅವನೇ ಅದನ್ನು ತಿರುಗಿಸಿ ಹೇಳಿದ. ನೆಲ ರಾಣಿಗೆ, ನಮಗೆ ಉಳಿದದ್ದು ನೆರಳು.

ಮೊದಲು ಸಹಿ ಹಾಕಿದ ಹೋನೆ ಹೆಕೆ 1844ರಲ್ಲಿ ಕೊರೊರಾರೆಕದ ಗುಡ್ಡದ ಮೇಲಿನ ಬ್ರಿಟಿಷ್ ಧ್ವಜಸ್ತಂಭ ಕಡಿಸಿ ಉರುಳಿಸಿದ. ಸರ್ಕಾರ ಮತ್ತೆ ನೆಟ್ಟಿತು, ಮತ್ತೆ ಕಡಿದ. ಮುಂದಿನ ಮಾರ್ಚ್‌ವರೆಗೆ ಒಟ್ಟು ನಾಲ್ಕು ಸಲ. ತಮಾಷೆ ಅಂದರೆ, ಆ ಕಂಬಕ್ಕೆ ಮರ ಕೊಟ್ಟವನೂ ಅವನೇ.

ಆಮೇಲಿನ ಐವತ್ತು ವರ್ಷದ ಕಥೆ ಬೇಗ ಹೇಳಿಬಿಡುತ್ತೇನೆ, ಅದು ಎಲ್ಲ ಕಡೆಯ ಕಥೆಯೇ. ಒಪ್ಪಂದದ ಪ್ರಕಾರ ಮಾವೋರಿಗಳು ಭೂಮಿ ಮಾರಿದರೆ ಸರ್ಕಾರಕ್ಕೇ ಮಾರಬೇಕು. ಸರ್ಕಾರ ಕಮ್ಮಿಗೆ ಕೊಂಡು ವಲಸಿಗರಿಗೆ ಜಾಸ್ತಿಗೆ ಮಾರಿತು. 1848ರಲ್ಲಿ ದಕ್ಷಿಣ ದ್ವೀಪದಲ್ಲಿ ನ್ಗಾಯ್ ತಾಹು ಜನರಿಂದ 1.3 ಕೋಟಿ ಎಕರೆಗೂ ಹೆಚ್ಚು ನೆಲ ಕೊಂಡರು. ನಮ್ಮ ಇಡೀ ಕರ್ನಾಟಕದ ಕಾಲು ಭಾಗಕ್ಕಿಂತ ಜಾಸ್ತಿ. ಕೊಟ್ಟದ್ದು 2,000 ಪೌಂಡ್. ಊರು, ಹೊಲ, ಶಾಲೆ, ಆಸ್ಪತ್ರೆಗೆ ಬೇಕಾದಷ್ಟು ಬಿಡುತ್ತೇವೆ ಅಂತ ಮಾತು ಕೊಟ್ಟಿದ್ದರು, ಬಿಟ್ಟದ್ದು ಚೂರು. 1863ರಲ್ಲಿ ವೈಕಾತೊ ಮೇಲೆ ಸೈನ್ಯ ನುಗ್ಗಿತು. ‘ದಂಗೆ ಎದ್ದರು’ ಅಂತ ಕಾರಣ ಕೊಟ್ಟು ಸುಮಾರು 12 ಲಕ್ಷ ಎಕರೆ ಮುಟ್ಟುಗೋಲು ಹಾಕಿಕೊಂಡರು. ಅವರ ನಾಯಕ ಒಪ್ಪಂದಕ್ಕೆ ಸಹಿಯನ್ನೇ ಹಾಕಿರಲಿಲ್ಲ. 1865ರಲ್ಲಿ ಒಂದು ಭೂ ನ್ಯಾಯಾಲಯ ತೆರೆದರು. ಇಡೀ ಕುಲದ ನೆಲವನ್ನು ಹತ್ತು ಜನರ ಹೆಸರಿಗೆ ಖಾತೆ ಮಾಡಿಕೊಡುವುದು ಅದರ ಕೆಲಸ. ಒಟ್ಟು ಕುಟುಂಬದ ಆಸ್ತಿ ಒಬ್ಬ ಅಣ್ಣನ ಹೆಸರಲ್ಲಿದ್ದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕೇ? ಸಾಲ, ಸರ್ವೆ ಖರ್ಚು, ವಕೀಲರ ಫೀಸು, ಕೊನೆಗೆ ಮಾರಾಟ. ಇಡೀ ದೇಶ 6.6 ಕೋಟಿ ಎಕರೆ. ಇವತ್ತು ಮಾವೋರಿ ಭೂಮಿ ಅಂತ ಉಳಿದಿರುವುದು ಶೇ. 5ರಷ್ಟು.

ಇದೆಲ್ಲ ನಡೆಯುವಾಗ ಕೋರ್ಟು ಏನು ಮಾಡುತ್ತಿತ್ತು? ವಿ ಪರಾಟ ಎಂಬ ಮಾವೋರಿ ನಾಯಕ ಒಂದು ಮೊಕದ್ದಮೆ ಹೂಡಿದ. ಅವನ ಜನ ಶಾಲೆ ಕಟ್ಟಲೆಂದು ಚರ್ಚಿಗೆ ಜಾಗ ಕೊಟ್ಟಿದ್ದರು. ಶಾಲೆ ಕಟ್ಟಲೇ ಇಲ್ಲ, ಜಾಗ ವಾಪಸ್ ಕೊಡಿ ಅಂತ ಅವನು ಕೇಳಿದ. 1877ರಲ್ಲಿ ಮುಖ್ಯ ನ್ಯಾಯಮೂರ್ತಿ ಪ್ರೆಂಡರ್‌ಗಾಸ್ಟ್ ತೀರ್ಪು ಕೊಡುತ್ತ, ಸಾರ್ವಭೌಮತ್ವ ಬಿಟ್ಟುಕೊಟ್ಟದ್ದರ ಮಟ್ಟಿಗೆ ಈ ಒಪ್ಪಂದ ಅಸಿಂಧು, ಏನೂ ಅಲ್ಲ ಅಂದರು. ಕಾರಣ, ಒಪ್ಪಂದ ಮಾಡಿಕೊಳ್ಳುವ ಯೋಗ್ಯತೆಯ ಸರ್ಕಾರ ಮಾವೋರಿಗಳಲ್ಲಿ ಇರಲೇ ಇಲ್ಲವಂತೆ. ಸಹಿ ಹಾಕಿಸಿಕೊಳ್ಳುವಾಗ ಆ ಯೋಗ್ಯತೆ ಇತ್ತು, ವಾಪಸ್ ಕೇಳಿದಾಗ ಹೋಯಿತು!

ನಾನು ಇದರಿಂದ ಕಲಿತದ್ದು ಒಂದೇ. ತಪ್ಪು ಅನುವಾದದ್ದೊಂದೇ ಅಲ್ಲ. ಎರಡು ಪ್ರತಿಯೂ ಅಕ್ಷರಕ್ಕೆ ಅಕ್ಷರ ಒಂದೇ ಆಗಿದ್ದರೂ ಇದೇ ಆಗುತ್ತಿತ್ತು. ಜಗಳ ಬಂದಾಗ ಕಾಗದ ಬಿಚ್ಚಿ ‘ಇದರ ಅರ್ಥ ಇದು’ ಅಂತ ಹೇಳುವ ಹಕ್ಕು ಒಬ್ಬರ ಕೈಯಲ್ಲೇ ಇತ್ತು. ನಮ್ಮ ಮೈಸೂರನ್ನೇ ನೋಡಿ. 1799ರಲ್ಲಿ ಟಿಪ್ಪು ಸತ್ತ ಮೇಲೆ ಒಡೆಯರ ಜೊತೆ ಕಂಪನಿ ಒಪ್ಪಂದ ಮಾಡಿಕೊಂಡಿತು. ಆಡಳಿತ ಕೆಟ್ಟು ಕಪ್ಪದ ಹಣಕ್ಕೆ ಧಕ್ಕೆ ಬಂದರೆ ರಾಜ್ಯದ ಭಾಗಗಳನ್ನು ವಹಿಸಿಕೊಳ್ಳಬಹುದು ಅಂತ ಅದರಲ್ಲಿತ್ತು. 1831ರಲ್ಲಿ ಆ ಮಾತನ್ನೇ ಹಿಡಿದು ಗವರ್ನರ್ ಜನರಲ್ ಬೆಂಟಿಂಕ್ ಇಡೀ ರಾಜ್ಯದ ಆಡಳಿತ ತೆಗೆದುಕೊಂಡ. ತಾನು ಮಾಡಿದ್ದು ಸರಿಯೇ ಅಂತ ಆಮೇಲೆ ಅವನಿಗೇ ಅನುಮಾನ ಬಂತು. ಆದರೂ ರಾಜ್ಯ ವಾಪಸ್ ಬಂದದ್ದು 1881ರಲ್ಲಿ. ಮೈಸೂರು ಅರಸರ ರಾಜ್ಯ, ಅದನ್ನು ಮೂಲನಿವಾಸಿಗಳ ಒಪ್ಪಂದ ಅನ್ನಕ್ಕಾಗಲ್ಲ. ಕಾಗದ ಓದಿದ ರೀತಿ ಮಾತ್ರ ಅದೇ.

ನ್ಯೂಜಿಲೆಂಡಿನಲ್ಲಿ ಬದಲಾದದ್ದೂ ಇದೇ, ಓದುವವರು. 1975ರಲ್ಲಿ ಸುಮಾರು ಎಂಬತ್ತು ವರ್ಷದ ಅಜ್ಜಿ ವೀನ ಕೂಪರ್ ಉತ್ತರದ ತುದಿಯಿಂದ ವೆಲಿಂಗ್ಟನ್‌ವರೆಗೆ ಪಾದಯಾತ್ರೆ ಹೊರಡಿಸಿದರು. ಸೆಪ್ಟೆಂಬರ್ 14ಕ್ಕೆ ಹೊರಟು ಅಕ್ಟೋಬರ್ 13ಕ್ಕೆ ಸಂಸತ್ತು ಮುಟ್ಟಿದರು. ಅದೇ ವರ್ಷ ವೈತಾಂಗಿ ಟ್ರಿಬ್ಯೂನಲ್ ಎಂಬ ಆಯೋಗ ಹುಟ್ಟಿತು. ಎರಡೂ ಭಾಷೆಯ ಪಾಠವನ್ನು ನೋಡಿ ಅರ್ಥ ಹೇಳುವ ಅಧಿಕಾರ ಅದಕ್ಕೆ ಸಿಕ್ಕಿತು. ಮೊದಲು ಹೊಸ ದೂರು ಮಾತ್ರ ಕೇಳಬಹುದಿತ್ತು. 1985ರಲ್ಲಿ ಕಾನೂನು ತಿದ್ದಿ, 1840ರಿಂದ ಈಚಿನ ಯಾವ ಅನ್ಯಾಯವನ್ನಾದರೂ ಕೇಳಬಹುದು ಅಂತ ಮಾಡಿದರು. ಬಾಗಿಲು ನಿಜಕ್ಕೂ ತೆರೆದದ್ದು ಆಗ.

ಭಾಷೆಯ ಪ್ರಕರಣ ನನಗೆ ಎಲ್ಲಕ್ಕಿಂತ ಇಷ್ಟ. ‘ತಾವೊಂಗ’ ಅಂತ ಒಂದು ಪದ ಇತ್ತಲ್ಲ, ಇಂಗ್ಲಿಷ್ ಪ್ರತಿಯಲ್ಲಿ ಅದಕ್ಕೆ ಸರಿಸಾಟಿ ಪದವೇ ಇಲ್ಲ. ಮಾವೋರಿ ಮಾತಾಡಿದರೆ ಶಾಲೆಯಲ್ಲಿ ಏಟು ತಿಂದ ತಲೆಮಾರಿನವರು ಬಂದು ಕೇಳಿದರು: ನಮ್ಮ ಭಾಷೆ ತಾವೊಂಗ ಅಲ್ವಾ? ಅದನ್ನು ಕಾಯುತ್ತೇವೆ ಅಂತ ನೀವು ಮಾತು ಕೊಟ್ಟಿರಲಿಲ್ವಾ? ಹೌದು ಅಂತ 1986ರಲ್ಲಿ ಟ್ರಿಬ್ಯೂನಲ್ ಹೇಳಿತು. 1987ರಲ್ಲಿ ಮಾವೋರಿ ಅಧಿಕೃತ ಭಾಷೆಯಾಯಿತು. ನಿಮ್ಮ ಮಗಳು ಶಾಲೆಯಲ್ಲಿ ಹಾಡುವ ಮಾವೋರಿ ಹಾಡಿನ ಹಿಂದೆ ಈ ಒಂದು ಪದ ಇದೆ.

ಹಣದ ಇತ್ಯರ್ಥಗಳೂ ಆದವು. ವೈಕಾತೊ ಜನರಿಗೆ 1995ರಲ್ಲಿ 17 ಕೋಟಿ ನ್ಯೂಜಿಲೆಂಡ್ ಡಾಲರ್, ಜೊತೆಗೆ ಕ್ಷಮಾಪಣೆ. ಅದರ ಕಾಯ್ದೆಗೆ ಎರಡನೇ ಎಲಿಜಬೆತ್ ರಾಣಿ ಬಂದು ತಾವೇ ಸಹಿ ಹಾಕಿದರು. 1998ರಲ್ಲಿ ನ್ಗಾಯ್ ತಾಹು ಜನರಿಗೂ ಅಷ್ಟೇ ಹಣ. ಅವರ ಮೊದಲ ದೂರಿನ ಪತ್ರ ಹೋದದ್ದು 1849ರಲ್ಲಿ, ಲೆಕ್ಕ ಹಾಕಿ. ನೀವು ಕ್ವೀನ್ಸ್‌ಟೌನ್‌ಗೆ ಹೋಗಿ ಶಾಟೋವರ್ ಜೆಟ್ ದೋಣಿ ಹತ್ತಿದ್ದರೆ ನಿಮ್ಮ ಟಿಕೆಟ್ ದುಡ್ಡು ಹೋದದ್ದು ಅವರ ಕಂಪನಿಗೆ. 2017ರಲ್ಲಿ ವಾಂಗನುಯಿ ನದಿಗೆ ಕಾನೂನಿನಲ್ಲಿ ವ್ಯಕ್ತಿಯ ಸ್ಥಾನ ಸಿಕ್ಕಿತು. ಕಳೆದುಕೊಂಡದ್ದರ ಬೆಲೆಗೆ ಹೋಲಿಸಿದರೆ ಈ ಹಣ ಸಣ್ಣ ಪಾಲು. ಅದು ಕೊಟ್ಟವರಿಗೂ ಗೊತ್ತು, ತೆಗೆದುಕೊಂಡವರಿಗೂ ಗೊತ್ತು.

‘ಹಳೇ ಕಾಗದ’ ಅಂದ ನಿಮ್ಮ ಇನ್ನೊಬ್ಬ ಸಹೋದ್ಯೋಗಿಯ ಮಾತಲ್ಲೂ ಸ್ವಲ್ಪ ಹುರುಳಿದೆ. ಒಪ್ಪಂದವನ್ನೇ ಹಿಡಿದು ಸೀದಾ ಕೋರ್ಟಿಗೆ ಹೋಗಲಾಗದು. ಸಂಸತ್ತು ಮಾಡಿದ ಯಾವುದಾದರೂ ಕಾಯ್ದೆಯಲ್ಲಿ ಅದರ ಹೆಸರು ಬಂದರೆ ಮಾತ್ರ ಬಲ. 1941ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಅಂದರೆ ಆಗಿನ ಕೊನೆಯ ಮೇಲ್ಮನವಿ ಕೋರ್ಟು, ಹೀಗೆ ಹೇಳಿತು. 1986ರ ಸರ್ಕಾರಿ ಉದ್ಯಮಗಳ ಕಾಯ್ದೆಯಲ್ಲಿ ಅಂಥ ಒಂದು ಸಾಲು ಸೇರಿತ್ತು: ಒಪ್ಪಂದದ ತತ್ವಗಳಿಗೆ ವಿರುದ್ಧವಾಗಿ ಸರ್ಕಾರ ನಡೆಯುವಂತಿಲ್ಲ. ಆ ಒಂದು ಸಾಲಿನ ಮೇಲೆ 1987ರಲ್ಲಿ ಮಾವೋರಿ ಕೌನ್ಸಿಲ್ ಸರ್ಕಾರದ ವಿರುದ್ಧ ಗೆದ್ದಿತು. ಎರಡೂ ಕಡೆಯವರು ಪಾಲುದಾರರ ಹಾಗೆ ಒಬ್ಬರ ಜೊತೆ ಒಬ್ಬರು ಪ್ರಾಮಾಣಿಕವಾಗಿ ನಡೆದುಕೊಳ್ಳಬೇಕು ಅಂತ ತೀರ್ಪು ಬಂತು. ಟ್ರಿಬ್ಯೂನಲ್ ಹೇಳುವುದೂ ಬಹುಪಾಲು ಬರೀ ಶಿಫಾರಸು. 1840ರಲ್ಲಿ ಸಹಿ ಹಾಕಿದ ಉತ್ತರದ ನಾಯಕರು ಸಾರ್ವಭೌಮತ್ವ ಬಿಟ್ಟುಕೊಟ್ಟಿರಲಿಲ್ಲ ಅಂತ ಅದು 2014ರಲ್ಲಿ ವರದಿ ಕೊಟ್ಟಿತು. ಸರ್ಕಾರ ಓದಿ ಪಕ್ಕಕ್ಕಿಟ್ಟಿತು.

ನೀವಿದ್ದಾಗಲೇ ನಡೆದ ಗಲಾಟೆಯೂ ಇದರದ್ದೇ ಮುಂದುವರಿಕೆ. ಒಪ್ಪಂದದ ತತ್ವಗಳು ಯಾವುವು ಅಂತ ಸಂಸತ್ತೇ ಬರೆದಿಡಲಿ ಅಂತ ಆ್ಯಕ್ಟ್ ಪಕ್ಷದ ನಾಯಕ ಡೇವಿಡ್ ಸೀಮೋರ್ 2024ರ ನವೆಂಬರ್‌ನಲ್ಲಿ ಒಂದು ಮಸೂದೆ ತಂದರು. ಇಬ್ಬರು ಮಾಡಿಕೊಂಡ ಒಪ್ಪಂದಕ್ಕೆ ಒಬ್ಬರೇ ಕೂತು ಅರ್ಥ ಬರೆಯುವುದು ಯಾವ ನ್ಯಾಯ ಅಂತ ಹತ್ತಾರು ಸಾವಿರ ಜನ ಮೆರವಣಿಗೆಯಲ್ಲಿ ಸಂಸತ್ತಿನ ಮುಂದೆ ಬಂದು ನಿಂತರು. ಯುವ ಸಂಸದೆ ಹಾನ ರಾಫಿತಿ ಮೈಪಿ ಕ್ಲಾರ್ಕ್ ಮಸೂದೆಯ ಪ್ರತಿ ಹರಿದು, ‘ಹಾಕ’ ಎಂಬ ಮಾವೋರಿ ಕುಣಿತ ಕುಣಿದ ವಿಡಿಯೊ ನಮ್ಮೂರಿನ ವಾಟ್ಸಾಪ್ ಗುಂಪುಗಳಿಗೂ ಬಂದಿತ್ತು. 2025ರ ಏಪ್ರಿಲ್ 10ರಂದು ಮಸೂದೆ 112–11 ಮತದಿಂದ ಬಿದ್ದುಹೋಯಿತು.

ನಿಮ್ಮಣ್ಣ ಹೇಳಿದ್ದೂ ನಿಜ. ಎಡ್ಮಂಟನ್ ಇರುವುದು 1876ರ ‘ಆರನೇ ಒಪ್ಪಂದ’ದ ನೆಲದಲ್ಲಿ. ಕ್ರೀ ಮುಂತಾದ ಜನರ ಜೊತೆ ಆದದ್ದು. ಅದರ ಪ್ರಕಾರ ತಲೆಗೆ ವರ್ಷಕ್ಕೆ ಐದು ಡಾಲರ್. ಇವತ್ತಿಗೂ ಐದೇ ಡಾಲರ್, ನೋಟಲ್ಲೇ ಎಣಿಸಿ ಕೊಡುತ್ತಾರೆ. ಸರ್ಕಾರಿ ಅಧಿಕಾರಿಯ ಮನೆಯಲ್ಲಿ ಒಂದು ಔಷಧಿ ಪೆಟ್ಟಿಗೆ ಇರಬೇಕು ಅಂತಲೂ ಅದರಲ್ಲಿ ಬರೆಸಿಕೊಂಡಿದ್ದಾರೆ. ಆ ಪೆಟ್ಟಿಗೆಯ ಅರ್ಥ ಇಂದಿನ ಲೆಕ್ಕದಲ್ಲಿ ಪೂರ್ತಿ ವೈದ್ಯಕೀಯ ಸೌಲಭ್ಯ ಅಂತ ಅವರು, ಅಷ್ಟಿಲ್ಲ ಅಂತ ಸರ್ಕಾರ. ನೋಡಿ, ಅಲ್ಲೂ ಅದೇ.

ನಮ್ಮ ದೇಶದಲ್ಲಿ ಯಾಕಿಲ್ಲ? ಭಾರತ ಸರ್ಕಾರದ ನಿಲುವು ಏನೆಂದರೆ ಇಲ್ಲಿನವರೆಲ್ಲರೂ ಮೂಲನಿವಾಸಿಗಳೇ. ಮೂಲನಿವಾಸಿಗಳ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ ಘೋಷಣೆ 2007ರಲ್ಲಿ ಬಂದಾಗ ಭಾರತ ಪರವಾಗಿ ಮತ ಹಾಕಿತು. ವಿರುದ್ಧ ಹಾಕಿದ್ದು ನಾಲ್ಕೇ ದೇಶ: ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಮತ್ತು ನಿಮ್ಮ ನ್ಯೂಜಿಲೆಂಡ್. ಆಮೇಲೆ ನಾಲ್ಕೂ ಮನಸ್ಸು ಬದಲಾಯಿಸಿದವು. ನಮ್ಮಲ್ಲಿ ಆದಿವಾಸಿಗಳಿಗೆ ರಕ್ಷಣೆ ಇರುವುದು ಸಂವಿಧಾನದ ಐದು, ಆರನೇ ಅನುಸೂಚಿಗಳಲ್ಲಿ ಮತ್ತು 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಹುಲಿ ಸಂರಕ್ಷಿತ ಕಾಡಿನ ಒಳಗೇ ಸಮುದಾಯ ಹಕ್ಕು ಸಿಕ್ಕಿದ್ದು 2011ರಲ್ಲಿ, ಈ ಕಾಯ್ದೆಯಿಂದ. ದೊಡ್ಡ ಗೆಲುವೇ. ಆದರೆ ಅದು ಸರ್ಕಾರ ಮಾಡಿದ ಕಾನೂನು. ಸೋಲಿಗರು ಎದುರು ಕೂತು ಸಹಿ ಹಾಕಿದ ಕಾಗದ ಅಲ್ಲ. ಹಾಗೆ ಎದುರು ಕೂತು ಸಹಿ ಹಾಕಿದ್ದು ಈಶಾನ್ಯದಲ್ಲಿ ಇದೆ. 2015ರಲ್ಲಿ ನಾಗಾ ಸಂಘಟನೆಯ ಜೊತೆ ಕೇಂದ್ರ ಸರ್ಕಾರ ಒಂದು ಚೌಕಟ್ಟು ಒಪ್ಪಂದ ಮಾಡಿಕೊಂಡಿತು. ಅದರಲ್ಲಿ ಸಾರ್ವಭೌಮ ಅಧಿಕಾರವನ್ನು ‘ಹಂಚಿಕೊಳ್ಳುವ’ ಮಾತಿದೆ. ಹಂಚಿಕೊಳ್ಳುವುದು ಅಂದರೆ ಏನು ಅಂತ ಎರಡು ಕಡೆಯವರೂ ಬೇರೆ ಬೇರೆ ಹೇಳುತ್ತಿದ್ದಾರೆ.

ಇನ್ನು ನಿಮ್ಮ ಮಗಳ ಮಾತು. ಮಾವೋರಿಗಳು ‘ತಂಗತ ವೆನುವ’, ನೆಲದ ಜನ. ಮಿಕ್ಕವರು ‘ತಂಗತ ತಿರಿತಿ’, ಒಪ್ಪಂದದ ಜನ. ಈ ಮಾತನ್ನು ಬಳಕೆಗೆ ತಂದವರಲ್ಲಿ ಟ್ರಿಬ್ಯೂನಲ್‌ನ ನ್ಯಾಯಮೂರ್ತಿ ಎಡ್ವರ್ಡ್ ಡ್ಯೂರಿ ಒಬ್ಬರು. ಅದರ ಹಿಂದಿರುವ ಯೋಚನೆ ಸರಳ. ಮಾವೋರಿಗಳು ಆ ನೆಲದಲ್ಲಿರುವುದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಉಳಿದವರು ಬಂದು ನೆಲೆಸಬಹುದು ಅಂತ ಆದದ್ದು ಎಲ್ಲಿಂದ? ಆ ಮೊದಲ ಕಲಮಿನಿಂದ. ಅಲ್ಲಿ ಕೊಟ್ಟ ಗವರ್ನರ್‌ತನದ ಬಲದ ಮೇಲೆ ಸರ್ಕಾರ ನಡೆಯುತ್ತಿದೆ, ಆ ಸರ್ಕಾರ ನಿಮಗೆ ವೀಸಾ ಕೊಟ್ಟಿದೆ. ಅಂದರೆ ಒಪ್ಪಂದದಿಂದ ಲಾಭ ಪಡೆದವರಲ್ಲಿ ನಿಮ್ಮ ಮನೆಯವರೂ ಸೇರಿದ್ದಾರೆ. 1840ರ ತಪ್ಪಿಗೆ ನೀವು ಹೊಣೆ ಅಂತ ಇದರ ಅರ್ಥ ಅಲ್ಲ. ‘ನಮಗೂ ಇದಕ್ಕೂ ಸಂಬಂಧ ಇಲ್ಲ’ ಅನ್ನುವಂತಿಲ್ಲ, ಅಷ್ಟೇ. ಶಾಲೆಯಲ್ಲಿ ಸರಿಯಾಗಿಯೇ ಹೇಳಿಕೊಟ್ಟಿದ್ದಾರೆ.

ಬರುವ ಫೆಬ್ರವರಿಯಲ್ಲಿ ರಜೆಯ ದಿನ ಮನೆಯಲ್ಲೇ ಮಲಗಬೇಡಿ, ಮಗಳನ್ನು ಕರೆದುಕೊಂಡು ವೈತಾಂಗಿಗೇ ಹೋಗಿ. ಹಿಂದಿನ ದಿನವೇ ಹೊರಟು ಅಲ್ಲೆಲ್ಲಾದರೂ ಉಳಿದುಕೊಳ್ಳಿ, ಯಾಕೆಂದರೆ ಪ್ರಾರ್ಥನೆ ಶುರುವಾಗುವುದು ಇನ್ನೂ ಕತ್ತಲಿರುವಾಗ, ಬೆಳಗಿನ ಜಾವ ಐದಕ್ಕೆ. ಬಸ್ಬಿಯ ಮನೆ ಹಾಗೇ ಇದೆ. ಮುಂದಿನ ಹುಲ್ಲಿನಲ್ಲಿ ಸಹಿ ಬಿದ್ದ ಜಾಗದಲ್ಲಿ ಧ್ವಜಸ್ತಂಭ ಇದೆ. ಅದರ ಮೇಲೆ ಮೂರು ಬಾವುಟ. ಒಂದು ನ್ಯೂಜಿಲೆಂಡಿನದು, ಒಂದು ಬ್ರಿಟನ್ನಿನದು. ಮೂರನೆಯದು ಯಾವುದು ಅಂತ ಮಗಳನ್ನೇ ಕೇಳಿ. ಗೊತ್ತಿಲ್ಲ ಅಂದರೆ, 1835ರಲ್ಲಿ ‘ನಾವು ಸ್ವತಂತ್ರರು’ ಅಂದ ನಾಯಕರ ಬಾವುಟ ಅದು ಅಂತ ಹೇಳಿ.